ಅಳುಮುಂಜಿ ಗಿಡಗಳ ದೊಡ್ಡಮ್ಮ

"ಅಮ್ಮಾ, ಗಂಜಿ ದೊಡ್ಡಮ್ಮ ಕುಂಡದೊಳಗೆ ಬೆರಳು ಯಾಕೆ ಚುಚ್ತಾರೆ? ಗಿಡಕ್ಕೆ ಜ್ವರ ಬಂದಿದೆಯಾ ಅಂತ ನೋಡ್ತಾರಾ?"

ಪುಟ್ಟಿ ಇದನ್ನು ಕೇಳಿದಾಗ ಶಾಲೆಗೆ ಹೊರಡುವ ಹೊತ್ತು. ಒಂದು ಕಾಲಿಗೆ ಮಾತ್ರ ಕಾಲುಚೀಲ ಹಾಕಿಕೊಂಡು, ಅಡುಗೆಮನೆಯ ಕಿಟಕಿಗೆ ಮೂಗು ಒತ್ತಿ ಕೆಳಗೆ ನೋಡುತ್ತಿದ್ದಳು. ನಾನು ಇನ್ನೊಂದು ಕಾಲುಚೀಲಕ್ಕಾಗಿ ಮಂಚದಡಿ ತಲೆ ಹಾಕಿದ್ದೆ. "ಜ್ವರ ಅಲ್ಲಮ್ಮ, ಬಾಯಾರಿಕೆ ಆಗಿದೆಯಾ ಅಂತ ನೋಡ್ತಾರೆ," ಅಂದೆ.

"ಬಾಯಾರಿಕೆ ಆದ್ರೆ ಬಾಯಲ್ಲಿ ನೋಡ್ಬೇಕಲ್ವಾ?"

ಐದು ವರ್ಷದವರ ಹತ್ತಿರ ವಾದಕ್ಕಿಳಿದು ಗೆದ್ದವರಿಲ್ಲ. ಅಷ್ಟರಲ್ಲಿ ಕಾಲುಚೀಲ ಸಿಕ್ಕಿತು, ನಾನು ಬಚಾವಾದೆ.

ದೊಡ್ಡಮ್ಮ ನಮಗೆ ನೆಂಟರೇನಲ್ಲ. ನಮ್ಮ ಮೂರು ಮಹಡಿಯ ಕಟ್ಟಡದ ಕೆಳಗೆ ರಸ್ತೆಗೆ ಬಾಯಿ ತೆರೆದುಕೊಂಡಿರುವ ಇಸ್ತ್ರಿ ಅಂಗಡಿ ಅವರದು. ಅಂಗಡಿಯ ಬೆನ್ನಿಗೆ ಒಂದು ಕೋಣೆ, ಅಲ್ಲಿ ಅವರು ಮತ್ತು ಅವರ ತಂಗಿ. ತಂಗಿಯನ್ನು ಎಲ್ಲರೂ ಚಿಕ್ಕಿ ಅನ್ನುತ್ತಾರೆ. ಅಕ್ಕ ಇಸ್ತ್ರಿ ಮಾಡುತ್ತಾರೆ. ತಂಗಿ ಮಡಿಸಿ, ಗಂಟು ಕಟ್ಟಿ, ಮನೆಮನೆಗೆ ಮುಟ್ಟಿಸುತ್ತಾರೆ. ಇಬ್ಬರಿಗೂ ಅರವತ್ತು ದಾಟಿದೆ. "ಗಂಜಿ" ಎಂಬ ಅಡ್ಡಹೆಸರು ಕಾಲರಿಗೆ ಹಾಕುವ ಗಂಜಿಯಿಂದ ಬಂತು ಎಂದು ದೊಡ್ಡಮ್ಮ ಹೇಳುತ್ತಾರೆ. ಸ್ವಭಾವದಿಂದ ಬಂತು ಎಂದು ಚಿಕ್ಕಿ.

ಅವರ ಇಸ್ತ್ರಿ ಪೆಟ್ಟಿಗೆ ಕರೆಂಟಿನದೇ, ಆದರೆ ಅಜ್ಜಿಯ ಕಾಲದ್ದೇನೋ ಅನ್ನುವಷ್ಟು ಭಾರ. ಬಿಸಿ ಹೆಚ್ಚು ಕಡಿಮೆ ಮಾಡುವ ತಿರುಗಣೆಯ ಮೇಲಿನ ಅಂಕಿಗಳು ಯಾವತ್ತೋ ಅಳಿಸಿಹೋಗಿವೆ. ಚಿಕ್ಕಿ ತಂದಿಟ್ಟ ಹೊಸ ಪೆಟ್ಟಿಗೆ ರಟ್ಟಿನ ಡಬ್ಬಿಯಿಂದ ಹೊರಗೇ ಬಂದಿಲ್ಲ. "ಅದಕ್ಕೇ ಎಲ್ಲಾ ಗೊತ್ತಿರೋದಾದ್ರೆ ನಾನ್ಯಾಕೆ ಇಲ್ಲಿ ನಿಂತಿರ್ಬೇಕು?" ಎನ್ನುವುದು ದೊಡ್ಡಮ್ಮನ ವಾದ. ಅವರು ಬಿಸಿ ನೋಡುವುದು ಬೆರಳಿನಿಂದ. ತೋರುಬೆರಳನ್ನು ನೀರಿಗೆ ಅದ್ದಿ ಪೆಟ್ಟಿಗೆಯ ತಳಕ್ಕೆ ಮಿಂಚಿನಂತೆ ತಾಗಿಸುತ್ತಾರೆ. ಒಂದು ಸದ್ದು ಹತ್ತಿಬಟ್ಟೆಗೆ, ಇನ್ನೊಂದು ಉಣ್ಣೆಗೆ. ರೇಷ್ಮೆಗೆ ಮಾತ್ರ ಸದ್ದು ಸಾಲದು. ರೇಷ್ಮೆಯನ್ನು ಒಳಹೊರಗು ಮಾಡಿ, ಮೇಲೊಂದು ತೆಳುಬಟ್ಟೆ ಹಾಸಿ, ಒಂದೇ ಒಂದು ಸಲ ಪೆಟ್ಟಿಗೆ ಎಳೆದು, ತಕ್ಷಣ ತೆಳುಬಟ್ಟೆ ಸರಿಸಿ ಬೆರಳುಗಳನ್ನು ರೇಷ್ಮೆಯ ಮೇಲೆ ಮಲಗಿಸಬೇಕು. "ನಿದ್ದೆ ಮಾಡೋ ಮಗು ಕೆನ್ನೆ ಎಷ್ಟು ಬೆಚ್ಚಗಿರುತ್ತೆ? ಅಷ್ಟು. ಅದಕ್ಕಿಂತ ಒಂದು ಕೂದಲು ಹೆಚ್ಚಾದ್ರೂ ರೇಷ್ಮೆ ಮುನಿಸ್ಕೊಳ್ಳುತ್ತೆ." ನಾಲ್ಕು ಬೀದಿಗಳಾಚೆಯಿಂದಲೂ ಜನ ರೇಷ್ಮೆಯನ್ನು ಅವರ ಹತ್ತಿರವೇ ತರುತ್ತಾರೆ. ಅಂಗಿ, ಪ್ಯಾಂಟು, ಹಾಸುಬಟ್ಟೆ ಹೊಟ್ಟೆಪಾಡು. ರೇಷ್ಮೆ ಅವರ ಹೆಸರು.

ಹೆಸರಿನ ನಂತರ ಅವರಿಗೆ ಇರುವುದು ಹೂವು.

ನಮ್ಮ ಕಟ್ಟಡಕ್ಕೂ ಕಾಂಪೌಂಡಿಗೂ ನಡುವೆ ನಾಲ್ಕು ಅಡಿ ಅಗಲದ ಒಂದು ಓಣಿ ಇದೆ. ಬಿಸಿಲು ಅಲ್ಲಿಗೆ ಬೆಳಿಗ್ಗೆ ಅರ್ಧ ಗಂಟೆ ಬಂದು ಮುಖ ತೋರಿಸಿ ಹೋಗುತ್ತದೆ. ಬೇರೆ ಯಾರಾದರೂ ಆಗಿದ್ದರೆ ಮುರಿದ ಕುರ್ಚಿ, ಹಳೆ ಸೈಕಲ್ಲು ತಂದು ತುಂಬುತ್ತಿದ್ದರು. ದೊಡ್ಡಮ್ಮ ಪೇಂಟಿನ ಡಬ್ಬಿ, ಸೀಳಿದ ಬಕೆಟ್ಟು, ತೂತಾದ ಗಂಜಿ ಬೋಗುಣಿ, ಎಲ್ಲಕ್ಕೂ ತಳದಲ್ಲಿ ಮೊಳೆಯಿಂದ ತೂತು ಹೊಡೆದು, ಸಾಲಾಗಿ ಜೋಡಿಸಿ ಕರ್ಣಕುಂಡಲದ ಕುಲದ ಒಂದು ಹೂಗಿಡ ಬೆಳೆಸಿದ್ದಾರೆ. ನರ್ಸರಿಯವರು ಅದನ್ನು ಇಂಪೇಷನ್ಸ್ ಎಂದು ಮಾರುತ್ತಾರೆ. ನೆರಳಲ್ಲೇ ಮೈತುಂಬ ಅರಳುವ ಜಾತಿ: ಕೆಂಪು, ಗುಲಾಬಿ, ಬಿಳಿ, ನಡುವೆ ಹೆಸರಿಲ್ಲದ ಒಂದು ಕಿತ್ತಳೆ. ಮಾಗಿದ ಕಾಯಿ ಮುಟ್ಟಿದರೆ ಪಟಕ್ಕನೆ ಸಿಡಿದು ಬೀಜ ಎರಚುತ್ತದೆ. ಪುಟ್ಟಿಗೆ ಅದೇ ದೊಡ್ಡ ಆಟ.

ದೊಡ್ಡಮ್ಮ ಅವನ್ನು ಕರೆಯುವುದು ಅಳುಮುಂಜಿಗಳು ಎಂದು. "ಅರ್ಧ ದಿನ ನೀರಿಲ್ಲ ಅಂದ್ರೆ ಸಾಕು, ಅಪ್ಪ ಅಮ್ಮ ಸತ್ತುಹೋದ ಹಾಗೆ ಕತ್ತು ಇಳಿಬಿಡ್ತವೆ. ಒಂದು ಲೋಟ ಹೊಯ್ದು ನೋಡು, ಒಂದು ಗಂಟೇಲಿ ಏನೂ ಆಗೇ ಇಲ್ಲ ಅನ್ನೋ ಹಾಗೆ ಎದ್ದು ನಿಲ್ತವೆ. ನಾಚಿಕೆ ಇಲ್ಲದವು."

ನಮಗೆ ಅವರ ಪರಿಚಯ ಆದದ್ದೂ ಇದೇ ಗಿಡದಿಂದ. ಈ ಮನೆಗೆ ಬಂದ ಹೊಸದರಲ್ಲಿ ಪುಟ್ಟಿಗೆ ಎರಡೂವರೆ ವರ್ಷ, ನನಗೆ ಸರಿಯಾಗಿ ನಿದ್ದೆ ಕಂಡು ಅಷ್ಟೇ ವರ್ಷ. ಒಂದು ದಿನ ದೊಡ್ಡಮ್ಮ ಔಷಧಿ ಬಾಟಲಿಯಲ್ಲಿ ನೀರು ಹಾಕಿ, ಅದರೊಳಗೆ ಗೇಣುದ್ದದ ಒಂದು ಕಡ್ಡಿ ನಿಲ್ಲಿಸಿಕೊಂಡು ಮೆಟ್ಟಿಲು ಹತ್ತಿ ಬಂದರು. "ಹತ್ತು ದಿನಕ್ಕೆ ಬೇರು ಬರುತ್ತೆ. ಆಮೇಲೆ ಮಣ್ಣಿಗಿಡು. ಮಗು ಬಿಟ್ಟು ಬೇರೆ ಏನನ್ನಾದ್ರೂ ನೋಡ್ತಿರ್ಬೇಕು ಕಣಮ್ಮ, ಇಲ್ಲಾಂದ್ರೆ ತಲೆ ಕೆಡುತ್ತೆ." ನಾನು ಆ ಗಿಡವನ್ನು ಮೂರು ವಾರದಲ್ಲಿ ಕೊಂದೆ. ದಿನಾ ಸಂಜೆ ಹೂವಿನ ನೆತ್ತಿಯ ಮೇಲೆ ಚೊಂಬಿನಲ್ಲಿ ನೀರು ಸುರಿಯುತ್ತಿದ್ದೆ. ದೊಡ್ಡಮ್ಮ ಎರಡನೆಯ ಕಡ್ಡಿ ಕೊಡುವ ಮೊದಲು ನನ್ನ ಕೈ ಹಿಡಿದು ಕುಂಡಕ್ಕೆ ಚುಚ್ಚಿಸಿದರು. "ಬೆರಳಿನ ಮೊದಲ ಗೆಣ್ಣಿನವರೆಗೆ ಇಳಿಸು. ತಣ್ಣಗೆ ಅಂಟಿದ್ರೆ ಬೇಡ. ಪುಡಿಪುಡಿ ಅನ್ನಿಸಿದ್ರೆ ಹೊಯ್ಯಿ. ತಲೆಗಲ್ಲ, ಪಾದಕ್ಕೆ. ಬೆಳಿಗ್ಗೆ ಹೊತ್ತು. ಗಿಡದ ಮುಖ ನೋಡಿ ನೀರು ಕೊಡಬೇಡ, ಮಣ್ಣು ಮುಟ್ಟಿ ಕೊಡು."

ಈ ಮಾತನ್ನು ನಾನು ಆವತ್ತೇ ಡೈರಿಯಲ್ಲಿ ಬರೆದಿಟ್ಟುಕೊಂಡೆ. ಈಗ ನಮ್ಮ ಕಿಟಕಿಯಲ್ಲೂ ನಾಲ್ಕು ಕುಂಡಗಳಿವೆ.

ಈ ಬೇಸಿಗೆಯಲ್ಲಿ ಓಣಿಯ ಗಿಡಗಳು ಒಂದೊಂದಾಗಿ ಕತ್ತು ಇಳಿಬಿಟ್ಟವು. ಅದೇನೂ ಹೊಸದಲ್ಲ. ಆದರೆ ನೀರು ಹೊಯ್ದ ಮೇಲೂ ಅವು ಏಳಲಿಲ್ಲ. ಮೊದಲು ಕಿತ್ತಳೆ ಬಣ್ಣದ್ದು ಹೋಯಿತು, ವಾರದಲ್ಲಿ ಬಿಳಿಯವು ಮೂರು. ದೊಡ್ಡಮ್ಮ ಸೆಕೆಯನ್ನು ಬೈದರು.

"ಸೆಕೆಗೇನು ಗೊತ್ತು? ನೀನು ದಿನಾ ಬೈಯೋದು ಕೇಳಿದ್ರೆ ಕಳ್ಳಿ ಗಿಡ ಕೂಡ ಬಾಡುತ್ತೆ," ಅಂದರು ಚಿಕ್ಕಿ, ಅಂಗಿಯ ತೋಳು ಮಡಚುತ್ತಾ.

"ನಿನ್ನ ನಾಲಿಗೆಗಿಂತ ವಾಸಿ. ನೀನು ಬಾಯಿ ಬಿಟ್ರೆ ಇಸ್ತ್ರಿ ಆಗಿರೋ ಬಟ್ಟೆ ಮತ್ತೆ ಸುಕ್ಕಾಗುತ್ತೆ."

ನಾನು ನಕ್ಕು, ಪುಟ್ಟಿಯ ಸಮವಸ್ತ್ರದ ಗಂಟು ಎತ್ತಿಕೊಂಡು ಬಂದೆ.

ಪುಟ್ಟಿ ಜ್ವರದ ಪ್ರಶ್ನೆ ಕೇಳಿದ್ದು ಇದರ ಮರುದಿನ, ಬುಧವಾರ. ಅವಳನ್ನು ಶಾಲೆಗೆ ಬಿಟ್ಟು ಬರುವಾಗ ಅಂಗಡಿಯ ಮುಂದೆ ನಾಟಕ ತಂಡದ ವ್ಯಾನು ನಿಂತಿತ್ತು. ತಂಡದ ಉಡುಪು ನೋಡಿಕೊಳ್ಳುವ ಹೆಂಗಸು ಹನ್ನೆರಡು ರೇಷ್ಮೆ ನಿಲುವಂಗಿಗಳನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಶನಿವಾರ ಪ್ರದರ್ಶನ. "ಬೇರೆ ಎಲ್ಲೂ ಕೊಡೋ ಧೈರ್ಯ ಇಲ್ಲ ದೊಡ್ಡಮ್ಮ. ಇದು ನಮ್ಮ ತಂಡದಲ್ಲಿ ಅಜ್ಜಂದಿರ ಕಾಲದಿಂದ ಇರೋದು," ಅಂದಳು. ದೊಡ್ಡಮ್ಮ ಗಂಟು ಬಿಚ್ಚದೆ ಅದರ ಮೇಲೆ ಕೈಯಿಟ್ಟು, "ಶುಕ್ರವಾರ ಮಾಡ್ತೀನಿ. ಶನಿವಾರ ಬೆಳಿಗ್ಗೆ ತಗೊಂಡು ಹೋಗು," ಅಂದರು. ಹಾಗೆ ಹೇಳುವಾಗ ಅವರ ಬೆನ್ನು ಒಂದು ಅಂಗುಲ ನೆಟ್ಟಗಾದದ್ದು ನನಗೆ ಕಂಡಿತು.

ವ್ಯಾನು ಹೋದ ಮೇಲೆ ಅವರು ಓಣಿಗೆ ಬಂದರು, ನಾನೂ ಹಿಂದೆ ಬಂದೆ. ಸೀಳು ಬಕೆಟ್ಟಿನ ಗುಲಾಬಿ ಬಣ್ಣದ ಗಿಡ ಜೋತುಬಿದ್ದಿತ್ತು. ದೊಡ್ಡಮ್ಮ ಬೆರಳು ಇಳಿಸಿದರು. "ನೋಡು, ಒಣಗಿ ಹೊಟ್ಟು ಆಗಿದೆ. ನಿನ್ನೆ ತಾನೇ ಕೊಟ್ಟಿದ್ದೆ," ಅಂದು ಬೆರಳು ಹೊರತೆಗೆದರು.

ಬೆರಳಿಗೆ ಕೆಸರು ಮೆತ್ತಿತ್ತು. ಕಪ್ಪಗೆ, ಹೊಳೆಯುತ್ತಾ, ಎರಡನೆಯ ಗೆಣ್ಣಿನವರೆಗೆ.

ದೊಡ್ಡಮ್ಮ ಅದನ್ನು ನೋಡಲೇ ಇಲ್ಲ. ನಲವತ್ತು ವರ್ಷ ಬೆರಳು ಹೇಳಿದ್ದನ್ನು ನಂಬಿದವರು ಬೆರಳನ್ನು ಕಣ್ಣಿಂದ ಯಾಕೆ ನೋಡುತ್ತಾರೆ? ಸೆರಗೋ ಚಿಂದಿಯೋ ಎಂದು ನೋಡದೆ ಸೊಂಟದ ಬಟ್ಟೆಗೆ ಒರೆಸಿಕೊಂಡು, ಕೊಡದಿಂದ ಮತ್ತೆ ಎರಡು ಲೋಟ ಹೊಯ್ದರು. ಅವರು ಒಳಗೆ ಹೋದ ಮೇಲೆ ನಾನು ಒಂದೊಂದೇ ಡಬ್ಬಿಗೆ ಬೆರಳಿಟ್ಟೆ. ಎಲ್ಲ ಜವುಗು. ತಳದ ತೂತುಗಳೂ ಮಣ್ಣು ಕಟ್ಟಿ ಮುಚ್ಚಿಹೋಗಿದ್ದವು. ಕಾಂಡದ ಬುಡ ಮುಟ್ಟಿದರೆ ಬೆಂದ ತರಕಾರಿಯಂತೆ ಮೆತ್ತಗಾಗಿತ್ತು. ಈ ಗಿಡ ಬಾಯಾರಿದಾಗಲೂ ಕತ್ತು ಇಳಿಬಿಡುತ್ತದೆ, ನೀರು ಹೆಚ್ಚಾಗಿ ಬೇರು ಕೊಳೆತಾಗಲೂ ಹಾಗೇ ಇಳಿಬಿಡುತ್ತದೆ. ಪುಟ್ಟಿ ಕೂಸಾಗಿದ್ದಾಗ ನನಗೂ ಹೀಗೇ ಆಗಿತ್ತು. ಹಸಿವಿಗೂ ಅದೇ ಅಳು, ಹೊಟ್ಟೆ ಉಬ್ಬರಿಸಿದರೂ ಅದೇ ಅಳು, ನಾನೋ ಅತ್ತಾಗಲೆಲ್ಲ ಹಾಲೂಡಿಸಿ ಅವಳನ್ನು ಇನ್ನಷ್ಟು ಅಳಿಸಿದ್ದೆ.

ಮೇಲೆ ಬಂದು ಬೀರು ತೆಗೆದೆ. ನನ್ನ ಅಮ್ಮ ಕೊಟ್ಟಿದ್ದ ರೇಷ್ಮೆ ಶಾಲನ್ನು ಹೋದ ತಿಂಗಳು ದೊಡ್ಡಮ್ಮನಿಗೆ ಇಸ್ತ್ರಿಗೆ ಕೊಟ್ಟಿದ್ದೆ. ಮಡಿಕೆಯ ಒಳಗೆ, ಅಂಗೈಯಷ್ಟು ಅಗಲದ, ಚಹಾ ಬಣ್ಣದ ಸುಟ್ಟ ಕಲೆ. ತಂದ ದಿನವೇ ನೋಡಿದ್ದೆ. ಹಳೆಯದಿರಬೇಕು ಎಂದು ನನಗೆ ನಾನೇ ಹೇಳಿಕೊಂಡು ಮಡಿಸಿ ಇಟ್ಟುಬಿಟ್ಟಿದ್ದೆ. ಅದು ಹಳೆಯದಲ್ಲ ಎಂದು ಆವತ್ತೂ ಗೊತ್ತಿತ್ತು.

ಸಂಜೆ ನಮ್ಮ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. "ಬೆರಳಿಗೆ ಸ್ಪರ್ಶ ಹೋಗಿದೆ ಅನ್ಸುತ್ತೆ. ಶುಕ್ರವಾರ ಆ ಹನ್ನೆರಡು ನಿಲುವಂಗಿ ಸುಟ್ಟುಹೋದ್ರೆ ಅವರ ಕಥೆ ಮುಗೀತು."

"ಹಾಗಾದ್ರೆ ಹೇಳಿಬಿಡು," ಅಂದರು ಇವರು.

"ಹೇಗೆ ಹೇಳ್ಲಿ?"

"ಬಾಯಲ್ಲಿ."

ಮನೆಯಲ್ಲಿ ಇಂಥವರಿದ್ದರೆ ಡೈರಿ ಬರೆಯದೆ ಇನ್ನೇನು ಮಾಡುವುದು? ಆದರೆ ಬರೆಯಲು ಕೂತರೂ ಒಂದು ಸಾಲು ಮುಂದೆ ಹೋಗಲಿಲ್ಲ. ಹಾಡುವವರಿಗೆ ನಿಮ್ಮ ಕಂಠ ಹೋಗಿದೆ ಎಂದು ಹೇಳಿದ ಹಾಗಲ್ಲವೇ ಇದು? ಅದೂ ನನ್ನಂಥವಳು, ಗಿಡಕ್ಕೆ ನೀರು ಹೊಯ್ಯುವುದನ್ನೂ ಅವರಿಂದಲೇ ಕಲಿತವಳು. ಸುಮ್ಮನಿದ್ದುಬಿಡೋಣ, ಆಗುವುದು ಆಗಲಿ ಎಂದೂ ಅನ್ನಿಸಿತು. ಆ ಆಸೆಯೇ ಶಾಲನ್ನು ಬೀರುವಿನಲ್ಲಿ ಮುಚ್ಚಿಟ್ಟದ್ದು ಎಂದು ನೆನಪಾಗಿ ಪೆನ್ನು ಮುಚ್ಚಿದೆ.

ಗುರುವಾರ ಪುಟ್ಟಿಯನ್ನು ಶಾಲೆಗೆ ಬಿಟ್ಟು ಬಂದಾಗ ಚಿಕ್ಕಿ ಗಂಟುಗಳನ್ನು ಮುಟ್ಟಿಸಲು ಹೋಗಿದ್ದರು. ದೊಡ್ಡಮ್ಮ ಓಣಿಯಲ್ಲಿ ಗಂಜಿ ಬೋಗುಣಿಯ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದರು. ನಾನು ಏನೂ ಪೀಠಿಕೆ ಹಾಕದೆ ಸತ್ತ ಬಿಳಿ ಗಿಡವನ್ನು ಡಬ್ಬಿಯಿಂದ ಬೋರಲು ಹಾಕಿದೆ. ಬೇರು ಇರಬೇಕಾದಲ್ಲಿ ಕಂದು ಲೋಳೆ ಇತ್ತು. ವಾಸನೆ ಬಂತು.

"ದೊಡ್ಡಮ್ಮ, ಇದು ನೀರಿಲ್ಲದೆ ಸತ್ತಿದ್ದಲ್ಲ. ನೀರು ಹೆಚ್ಚಾಗಿ ಸತ್ತಿದ್ದು."

"ಆಹಾಹಾ! ಮೊನ್ನೆ ಮೊನ್ನೆ ಕಡ್ಡಿ ನೆಡೋದು ಕಲಿತವಳು ನನಗೇ ಪಾಠ ಹೇಳೋಕೆ ಬಂದಳು. ದಿನಾ ಮುಟ್ಟಿ ನೋಡ್ತೀನಿ ಕಣೇ, ಒಣಗಿರುತ್ತೆ."

ನಾನು ಮೇಲಿನಿಂದ ನನ್ನ ಒಂದು ಕುಂಡ ತಂದೆ. ಎರಡು ದಿನದಿಂದ ನೀರು ಹಾಕದೆ ಮಣ್ಣು ಬಿರುಕು ಬಿಟ್ಟಿತ್ತು. ಅದನ್ನು ಸೀಳು ಬಕೆಟ್ಟಿನ ಪಕ್ಕಕ್ಕೆ ಇಟ್ಟೆ. "ಕಣ್ಣು ಮುಚ್ಚಿ. ಯಾವುದು ಹಸಿ, ಯಾವುದು ಒಣ, ಹೇಳಿ ನೋಡೋಣ."

"ನಿನ್ನ ಮಗಳ ಆಟ ಆಯ್ತು ಇದು," ಎಂದು ಗೊಣಗಿದರೂ ಕಣ್ಣು ಮುಚ್ಚಿದರು. ನಾನು ಅವರ ಬಲಗೈ ಹಿಡಿದು ಒಂದಕ್ಕೆ ಇಳಿಸಿದೆ, ತೆಗೆದು ಚಿಂದಿಯಿಂದ ಒರೆಸಿ ಇನ್ನೊಂದಕ್ಕೆ ಇಳಿಸಿದೆ. ದೊಡ್ಡಮ್ಮ ತಲೆ ಓರೆ ಮಾಡಿದರು, ದೂರದ ಸದ್ದು ಕೇಳುವವರ ಹಾಗೆ.

"ಮೊದಲನೇದು ಒಣ," ಅಂದರು.

ಮೊದಲನೆಯದು ಜವುಗು ಬಕೆಟ್ಟು. ಅವರೇ ಕಣ್ಣು ತೆರೆದು ನೋಡಿದರು. "ಇನ್ನೊಂದ್ಸಲ," ಅಂದರು. ಇನ್ನೊಂದು ಸಲ ಸರಿ ಹೇಳಿದರು. ಮೂರನೆಯ ಸಲ ತಪ್ಪಿತು. ಆಮೇಲೆ ಎಡಗೈಯನ್ನು ತಾವೇ ಇಳಿಸಿದರು. "ಇದಕ್ಕೆ ಒಂಚೂರು ಗೊತ್ತಾಗುತ್ತೆ," ಅಂದರು, ಬಹಳ ಮೆಲ್ಲಗೆ. "ಒಂಚೂರು."

"ಯಾವಾಗಿಂದ ಹೀಗೆ?"

"ಚಳಿಗಾಲದಲ್ಲಿ ಬೆರಳ ತುದೀಲಿ ಇರುವೆ ಹರಿದ ಹಾಗೆ ಆಗ್ತಿತ್ತು. ಆಮೇಲೆ ಇರುವೆ ನಿಂತ್ವು. ವಾಸಿ ಆಯ್ತು ಅಂದ್ಕೊಂಡೆ."

ನನಗೆ ಆಗ ಅಳು ಬಂತು, ಆದರೆ ಅಳುವ ಸರದಿ ನನ್ನದಲ್ಲವಲ್ಲ ಎಂದು ನುಂಗಿಕೊಂಡು ಶಾಲಿನ ವಿಷಯ ಹೇಳಿದೆ. ಹೇಳಲೇಬೇಕಿತ್ತು. ದೊಡ್ಡಮ್ಮ ಮಣ್ಣಿನ ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ನನ್ನನ್ನೇ ನೋಡಿದರು.

"ಎಷ್ಟು ದಿನ ಆಯ್ತು?"

"ಒಂದು ತಿಂಗಳು."

"ಒಂದು ತಿಂಗಳು ಸುಮ್ನಿದ್ದೆಯಲ್ಲೇ! ಬಂದು ಬೈಬಾರದಿತ್ತಾ? ನಲವತ್ತು ವರ್ಷದಲ್ಲಿ ನಾನು ಯಾರ ಕೈಲೂ ಬೈಸಿಕೊಂಡೇ ಇಲ್ಲ ಅಂದ್ಕೊಂಡ್ಯಾ? ನಿನ್ನ ಹಾಗೆ ಇನ್ನೆಷ್ಟು ಜನ ಮಡಿಸಿ ಬೀರುವಲ್ಲಿ ಇಟ್ಕೊಂಡಿದ್ದಾರೋ ಏನೋ." ಮೊಣಕಾಲ ಮೇಲಿದ್ದ ಕೈಯನ್ನು ತಿರುವಿ ನೋಡಿಕೊಂಡರು. "ಪಾಪ, ವಯಸ್ಸಾಯ್ತು ಅಂತ."

ನಾನು ತಪ್ಪಾಯಿತು ಅಂದೆ. ಬೇರೆ ಏನು ಹೇಳಿದ್ದರೂ ಅದು ನನ್ನ ಸಮಾಧಾನಕ್ಕೆ ಹೇಳಿದ್ದಾಗುತ್ತಿತ್ತು.

ಆಮೇಲೆ ಇಬ್ಬರೂ ಕೆಲಸಕ್ಕೆ ಕೂತೆವು. ಜೋತುಬಿದ್ದ ಗಿಡಗಳಲ್ಲಿ ಮೇಲುಭಾಗ ಇನ್ನೂ ಗಟ್ಟಿಯಿದ್ದವನ್ನು ಆರಿಸಿ, ತುದಿಗಳನ್ನು ಗೇಣುದ್ದಕ್ಕೆ ಕತ್ತರಿಸಿದೆವು. ಕೆಳಗಿನ ಎಲೆ, ಹೂ, ಮೊಗ್ಗು ಎಲ್ಲ ಚಿವುಟಿ, ಲೋಟಗಳಲ್ಲಿ ನೀರಿಗಿಟ್ಟೆವು. ಒಟ್ಟು ಒಂಬತ್ತು ಕಡ್ಡಿ. ಉಳಿದ ಡಬ್ಬಿಗಳ ತೂತುಗಳನ್ನು ನಾನು ಮೊಳೆಯಿಂದ ಬಿಡಿಸುತ್ತಿದ್ದರೆ ದೊಡ್ಡಮ್ಮ ಒಂದು ಡಬ್ಬಿಯನ್ನು ಎತ್ತಿ ಹಿಡಿದು, ಕೆಳಗಿಟ್ಟು, ನನ್ನ ಒಣ ಕುಂಡವನ್ನು ಎತ್ತಿದರು. ಮತ್ತೆ ಡಬ್ಬಿ, ಮತ್ತೆ ಕುಂಡ.

"ತೂಕ!" ಅಂದರು. "ಹಸಿ ಮಣ್ಣು ಭಾರ, ಒಣ ಮಣ್ಣು ಹಗುರ. ಒಂದೇ ಅಳತೆ ಡಬ್ಬಿ ಇಟ್ಕೊಂಡ್ರೆ ಎತ್ತಿ ನೋಡಿ ಹೇಳ್ಬಹುದು. ಬೆರಳು ಹೋದ್ರೆ ಹೋಗ್ಲಿ, ತೋಳಿಗೆ ಇನ್ನೂ ಬುದ್ಧಿ ಇದೆ. ಆ ಪೆಟ್ಟಿಗೆ ಎತ್ತಿ ಎತ್ತಿ ಕಲ್ತಿದ್ದು." ಅವರ ಮುಖಕ್ಕೆ ಸ್ವಲ್ಪ ಗಂಜಿ ಮರಳಿ ಬಂತು. ಆದರೆ ಹಾಗೇ ಅಂಗಡಿಯ ಕಡೆಗೆ ನೋಡಿದರು. ಬಾಗಿಲಿನಿಂದ ಬಿಳಿ ಬಟ್ಟೆ ಸುತ್ತಿದ ಗಂಟು ಕಾಣುತ್ತಿತ್ತು. "ರೇಷ್ಮೆಗೆ ಇದು ನಡೆಯೋಲ್ಲ," ಅಂದರು.

"ವಾಪಸ್ ಕೊಟ್ಟುಬಿಡೋಣ ದೊಡ್ಡಮ್ಮ. ಫೋನ್ ಮಾಡಿ ನಾನೇ ಹೇಳ್ತೀನಿ. ಸೋಮವಾರ ಡಾಕ್ಟರ ಹತ್ರ ಹೋಗೋಣ, ನಾನೂ ಬರ್ತೀನಿ."

"ಡಾಕ್ಟರ ಹತ್ರ ಹೋಗೋಣ. ಅದು ಸೋಮವಾರದ ಮಾತು. ಇವತ್ತು ಗುರುವಾರ. ಈಗ ವಾಪಸ್ ಕೊಟ್ರೆ ಆ ಹುಡುಗಿ ಎರಡು ದಿನದಲ್ಲಿ ಯಾರ ಹತ್ರ ಓಡ್ತಾಳೆ? ಸಿಕ್ಕಿದವರ ಕೈಗೆ ಕೊಟ್ಟು ಸುಡಿಸ್ಕೊಂಡು ಬರ್ತಾಳೆ. ಮಾತು ಕೊಟ್ಟಾಗಿದೆ. ಇದೊಂದು ಗಂಟು ಮುಗಿಸಿ ಆಮೇಲೆ ರೇಷ್ಮೆ ತಗೊಳ್ಳಲ್ಲ. ನಾನೇ ಎಲ್ಲರಿಗೂ ಹೇಳ್ತೀನಿ. ಬೇರೆಯವರು ಹೇಳೋ ಮೊದಲು ನಾನು ಹೇಳ್ಬೇಕು."

"ಚಿಕ್ಕಿಗೆ?"

"ಅವಳಿಗೆ ಇವತ್ತೇ ಹೇಳ್ತೀನಿ. ಆದ್ರೆ ನಾಳೆ ಅವಳು ಪಕ್ಕದಲ್ಲಿ ಬೇಡ. ನಿಂತ್ಕೊಂಡು ಅಳ್ತಾಳೆ. ರೇಷ್ಮೆ ಮೇಲೆ ಕಣ್ಣೀರು ಬಿದ್ರೆ ಅದೂ ಕಲೆನೇ."

ಇಬ್ಬರೂ ನಕ್ಕೆವು. ನಗು ಬೇಗ ಮುಗಿಯಿತು. ದೊಡ್ಡಮ್ಮ ನಲ್ಲಿಯಡಿ ಕೈ ತೊಳೆದು, ಒರೆಸಿಕೊಂಡು, ನನ್ನ ಬಲಗೈಯನ್ನು ಎಳೆದುಕೊಂಡರು. ಬೆರಳ ತುದಿಗಳನ್ನು ಒಂದೊಂದಾಗಿ ತಿರುವಿ ನೋಡಿದರು. ಸುಟ್ಟ ಗಾಯವಾಗಲಿ ಜಡ್ಡಾಗಲಿ ಇಲ್ಲದ, ಏನೂ ಕಲಿಯದ ಬೆರಳುಗಳು.

"ನಂಗೊಂದು ಉಪಕಾರ ಮಾಡ್ತೀಯಾ? ನಾಳೆ ಮಗೂನ ಶಾಲೆಗೆ ಬಿಟ್ಟು ನೇರ ಇಲ್ಲಿಗೆ ಬಾ. ಪೆಟ್ಟಿಗೆ ನಾನೇ ಹಿಡೀತೀನಿ. ಒಂದೊಂದು ಸಲ ಎಳೆದ ತಕ್ಷಣ ನೀನು ಬಟ್ಟೆ ಮೇಲೆ ಬೆರಳಿಟ್ಟು ಹೇಳ್ಬೇಕು. ಹೆಚ್ಚಾಗಿದ್ರೆ ಹೆಚ್ಚಾಯ್ತು ಅನ್ನು. ದೊಡ್ಡಮ್ಮನಿಗೆ ಬೇಜಾರಾಗುತ್ತೆ ಅಂತ ನನ್ನ ಮುಖ ನೋಡಿ ಮಾತಾಡಬೇಡ ಕಣೇ. ಬಟ್ಟೆ ನೋಡಿ ಮಾತಾಡು."